ಇಂಗ್ಲಿಷಿನಲ್ಲಿ ಭವಿಷ್ಯತ್ತನ್ನು ಸೂಚಿಸುವ ಬಗೆಗಳು

೧

ಕಾಲವು ಮೂರು ಬಗೆ ಎಂಬುದು ನಾವೆಲ್ಲರೂ ಬಾಲ್ಯದಲ್ಲಿಯೇ ಒಪ್ಪಿಕೊಂಡ ಮಾತು. ಆಗಿಹೋದುದು ಭೂತ, ಆಗುತ್ತಿರುವುದು ವರ್ತಮಾನ, ಆಗಲಿರುವುದು ಭವಿಷ್ಯತ್. ಲೋಕದಲ್ಲಿ ಕಾಲವು ಮೂರಾಗಿರುವುದರಿಂದ ಭಾಷೆಯಲ್ಲಿಯೂ ಕ್ರಿಯಾಪದಕ್ಕೆ ಮೂರು ರೂಪಗಳು ಇರಲೇಬೇಕೆಂದು ಶಾಲೆಯ ವ್ಯಾಕರಣಗಳು ಭಾವಿಸಿವೆ. ಇಂಗ್ಲಿಷ್ ಕಲಿಯುವ ಕನ್ನಡದ ಹುಡುಗನು ‘ಐ ಗೋ’, ‘ಐ ವೆಂಟ್’, ‘ಐ ಶಲ್ ಗೋ’ ಎಂಬ ಮೂರು ಸಾಲುಗಳನ್ನು ಕಂಠಪಾಠ ಮಾಡಿ, ಅವುಗಳ ಎದುರಿಗೆ ‘ಹೋಗುತ್ತೇನೆ’, ‘ಹೋದೆನು’, ‘ಹೋಗುವೆನು’ ಎಂದು ಬರೆದುಕೊಂಡರೆ ಕಾಲಪ್ರಕರಣದ ಪಾಠ ಮುಗಿಯಿತು.

ಈ ಪಟ್ಟಿಯ ಎರಡು ಬದಿಗಳೂ ಬಳಕೆಯ ಭಾಷೆಗೆ ಹೊಂದುವುದಿಲ್ಲವೆಂಬುದು ಆಮೇಲೆ ತಿಳಿಯುತ್ತದೆ. ‘ಹೋಗುವೆನು’ ಎಂದು ಮನೆಯಲ್ಲಿ ಯಾರೂ ನುಡಿಯುವುದಿಲ್ಲ. ‘ನಾಳೆ ಹೋಗುತ್ತೇನೆ’ ಎನ್ನುತ್ತಾರೆ. ಅತ್ತ ‘ಐ ಶಲ್ ಗೋ’ ಎಂಬುದೂ ಇಂಗ್ಲಿಷರ ಬಾಯಲ್ಲಿ ಇಂದು ಅಪರೂಪ. ಸಂದರ್ಭವನ್ನು ನೋಡಿಕೊಂಡು ಅವರು ಆರೇಳು ಬಗೆಯಾಗಿ ಅದೇ ಪ್ರಯಾಣದ ಮಾತನ್ನು ಹೇಳುತ್ತಾರೆ. ಈ ಬಗೆಗಳ ನಡುವಣ ಭೇದವು ಕಾಲದ ಭೇದವಲ್ಲ. ಎಲ್ಲವೂ ನಾಳಿನ ಮಾತುಗಳೇ. ಹಾಗಾದರೆ ಭೇದವು ಯಾವುದರದು?

ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷಿನಲ್ಲಿ ಭವಿಷ್ಯತ್ತಿಗೆಂದೇ ಮೀಸಲಾದ ಕ್ರಿಯಾರೂಪವಿಲ್ಲ; ಮುಂದಿನದನ್ನು ಆಡುವವನು ಆ ಮಾತಿನ ಹಿಂದೆ ಯಾವ ಆಧಾರವನ್ನು ಇಡುತ್ತಾನೆ, ತನ್ನ ಇಚ್ಛೆಯನ್ನೋ, ಕಣ್ಣೆದುರಿನ ಕುರುಹನ್ನೋ, ಮಾಡಿಕೊಂಡ ಏರ್ಪಾಟನ್ನೋ, ಅಧಿಕಾರದ ಆಜ್ಞೆಯನ್ನೋ ಎಂಬುದನ್ನು ಅನುಸರಿಸಿ ರೂಪವು ಬದಲಾಗುತ್ತದೆ ಎಂಬುದು ಇಲ್ಲಿಯ ಪ್ರತಿಪಾದನೆ. ಇದು ಕೇವಲ ಪಂಡಿತರ ಚರ್ಚೆಯಲ್ಲ. ಕಚೇರಿಯ ಪತ್ರದಲ್ಲಿ, ಕರಾರಿನಲ್ಲಿ, ಶಾಸನದಲ್ಲಿ ಈ ಭೇದದ ಮೇಲೆಯೇ ಹಕ್ಕುಬಾಧ್ಯತೆಗಳು ನಿಂತಿರುತ್ತವೆ. ನಮ್ಮ ದೇಶದ ಭಾಷಾನೀತಿಯ ಚರಿತ್ರೆಯಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವುಂಟು; ಅದನ್ನು ಮುಂದೆ ನೋಡೋಣ.

೨

ಮೊದಲು ಚರಿತ್ರೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಇದ್ದುದು ಎರಡೇ ಕಾಲರೂಪಗಳು: ಭೂತವೊಂದು, ಭೂತವಲ್ಲದ್ದೊಂದು. ಎರಡನೆಯದೇ ಇಂದಿಗೂ ನಾಳೆಗೂ ಸಲ್ಲುತ್ತಿತ್ತು. ಕ್ರಿ. ಶ. ೧೦೦೦ದ ಸುಮಾರಿನಲ್ಲಿ ಏಲ್ಫ್ರಿಕ್ ಎಂಬ ಸನ್ಯಾಸಿ ತನ್ನ ಶಿಷ್ಯರಿಗಾಗಿ ಲ್ಯಾಟಿನ್ ವ್ಯಾಕರಣವೊಂದನ್ನು ದೇಶಭಾಷೆಯಲ್ಲಿ ಬರೆದನು. ಲ್ಯಾಟಿನ್ ಭಾಷೆಯಲ್ಲಿ ‘ಪ್ರೀತಿಸುವೆನು’ ಎಂಬುದಕ್ಕೆ ‘ಅಮಾಬೋ’ ಎಂಬ ಒಂದೇ ಪದವುಂಟು. ಅದನ್ನು ವಿವರಿಸಬೇಕಾದಾಗ ಏಲ್ಫ್ರಿಕನಿಗೆ ತನ್ನ ಭಾಷೆಯಲ್ಲಿ ಸಮಾನವಾದ ರೂಪ ದೊರೆಯಲಿಲ್ಲ. ಆದುದರಿಂದ ವರ್ತಮಾನರೂಪವನ್ನೇ ಬರೆದು, ಅದರ ಮುಂದೆ ‘ಇಂದು ಇನ್ನು ಮೇಲೆ’, ‘ನಾಳೆ’ ಎಂಬರ್ಥದ ಮಾತುಗಳನ್ನು ಸೇರಿಸಿ ಕೆಲಸ ಸಾಗಿಸಿದನು. ಕಾಲವನ್ನು ಹೇಳಿದುದು ಕಾಲವಾಚಕವಾದ ಅವ್ಯಯ, ಕ್ರಿಯಾಪದವಲ್ಲ. ‘ನಾಳೆ ಹೋಗುತ್ತೇನೆ’ ಎನ್ನುವ ನಮಗೆ ಈ ಉಪಾಯ ಹೊಸದಾಗಿ ತೋರದು.

ಆ ಕಾಲದಲ್ಲಿಯೇ ಎರಡು ಸ್ವತಂತ್ರ ಕ್ರಿಯಾಪದಗಳು ಭಾಷೆಯಲ್ಲಿದ್ದವು. ಒಂದಕ್ಕೆ ‘ಬಯಸು’ ಎಂದು ಅರ್ಥ. ಅದರಿಂದ ಇಂದಿನ ‘ವಿಲ್’ ಬಂದಿದೆ. ಇನ್ನೊಂದಕ್ಕೆ ‘ಋಣಿಯಾಗಿರು, ಸಲ್ಲಿಸಬೇಕಾಗಿರು’ ಎಂದು ಅರ್ಥ. ಅದರಿಂದ ‘ಶಲ್’ ಬಂದಿದೆ. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ಅಪರಾಧಕ್ಕೂ ಹೇಳುವ ‘ಶುಲ್ಟ್’ ಎಂಬ ನಾಮಪದವು ಈ ಎರಡನೆಯದರ ಬಳಗಕ್ಕೆ ಸೇರಿದುದು. ಬಯಸಿದುದು ಸಾಮಾನ್ಯವಾಗಿ ಮುಂದೆ ಆಗಬೇಕಾದುದು. ಸಲ್ಲಿಸಬೇಕಾದ ಸಾಲವೂ ಮುಂದೆ ಸಲ್ಲಬೇಕಾದುದು. ಹೀಗೆ ಇಚ್ಛೆ ಮತ್ತು ಋಣ ಎಂಬ ಎರಡು ಬೀಜಗಳಿಂದ ಇಂಗ್ಲಿಷಿನ ಭವಿಷ್ಯತ್ಸೂಚನೆ ಮೊಳೆಯಿತು. ‘ವಿಲ್’ ಎಂಬುದರ ಮೂಲಾರ್ಥವು ನಮಗೂ ಪರಿಚಿತವಾದುದೇ. ಸತ್ತವನ ಇಚ್ಛೆಯನ್ನು ತಿಳಿಸುವ ಪತ್ರಕ್ಕೆ ನಾವು ‘ಉಯಿಲು’ ಎನ್ನುತ್ತೇವೆ. ಅದು ಇದೇ ಶಬ್ದದ ನಾಮರೂಪ, ನಮ್ಮ ನ್ಯಾಯಾಲಯಗಳ ಮೂಲಕ ಕನ್ನಡಕ್ಕೆ ಇಳಿದುಬಂದುದು.

ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ವಿಕ್ಲಿಫನ ಹೆಸರಿನಲ್ಲಿ ಪ್ರಸಿದ್ಧವಾದ ಬೈಬಲ್ ಅನುವಾದ ಸಿದ್ಧವಾದಾಗ, ಲ್ಯಾಟಿನ್ನಿನ ಭವಿಷ್ಯದ್ರೂಪಗಳಿಗೆ ಹೆಚ್ಚಾಗಿ ‘ಶಲ್’ ಬಳಕೆಯಾಯಿತು; ‘ವಿಲ್’ ಎಂಬುದನ್ನು ಲ್ಯಾಟಿನ್ನಿನ ‘ಬಯಸು’ ಧಾತುವಿಗೆ ಬಿಡಲಾಯಿತು. ವಿದ್ವಾಂಸರ ಬರಹದಲ್ಲಿ ‘ಶಲ್’ ಪದಕ್ಕೆ ಗೌರವದ ಸ್ಥಾನ ದೊರೆತುದಕ್ಕೆ ಇದೂ ಒಂದು ಕಾರಣ. ಜನರ ಮಾತಿನಲ್ಲಾದರೋ ‘ವಿಲ್’ ಮುಂದೊತ್ತುತ್ತಲೇ ಇದ್ದಿತು.

ಇಂಗ್ಲಿಷಿಗೆ ವ್ಯಾಕರಣ ಬರೆಯುವ ಕಾರ್ಯ ಆರಂಭವಾದುದು ಇದರ ಬಹಳ ಕಾಲದ ಮೇಲೆ. ೧೫೮೬ರಲ್ಲಿ ಬುಲ್ಲೋಕರನು ಬರೆದ ಚಿಕ್ಕ ಪುಸ್ತಕವು ಮೊದಲನೆಯದು. ಅದರ ಮಾದರಿ ಶಾಲೆಗಳಲ್ಲಿ ಪ್ರಚಲಿತವಾಗಿದ್ದ ಲ್ಯಾಟಿನ್ ವ್ಯಾಕರಣ. ಲ್ಯಾಟಿನ್ನಿನಲ್ಲಿ ಭವಿಷ್ಯತ್ಕಾಲ ಉಂಟಾದುದರಿಂದ ಇಂಗ್ಲಿಷಿನಲ್ಲಿಯೂ ಆ ಕಟ್ಟೆ ತುಂಬಬೇಕು. ‘ಶಲ್’, ‘ವಿಲ್’ಗಳನ್ನು ತಂದು ಅಲ್ಲಿ ಕೂರಿಸಿದುದಾಯಿತು. ೧೭೯೫ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ವ್ಯಾಕರಣವು ಇಂಗ್ಲಿಷಿಗೆ ಆರು ಕಾಲಗಳನ್ನು ಹೇಳಿ, ಅವುಗಳಲ್ಲಿ ಎರಡನ್ನು ಭವಿಷ್ಯತ್ತಿಗೆ ಕೊಟ್ಟಿತು. ಈ ಪುಸ್ತಕದ ಪ್ರಭಾವ ಬಹು ದೀರ್ಘವಾದುದು. ನಮ್ಮ ಶಾಲೆಗಳ ಪಟ್ಟಿಗಳೂ ಈ ಪರಂಪರೆಯ ಸಂತಾನವೇ.

೩

‘ಶಲ್’ ಮತ್ತು ‘ವಿಲ್’ಗಳ ಭೇದವನ್ನು ಒಂದು ಸೂತ್ರಕ್ಕೆ ತಂದು ಪ್ರಸಿದ್ಧಗೊಳಿಸಿದವನು ಜಾನ್ ವ್ಯಾಲಿಸ್. ಗಣಿತಜ್ಞನೆಂದು ಹೆಸರಾದ ಈತನು ೧೬೫೩ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಬರೆದನು. ಅವನ ನಿಯಮದಂತೆ ಉತ್ತಮಪುರುಷದಲ್ಲಿ ‘ಶಲ್’ ಎಂದರೆ ಬರಿಯ ಮುನ್ಸೂಚನೆ, ‘ವಿಲ್’ ಎಂದರೆ ಸಂಕಲ್ಪ ಅಥವಾ ಬೆದರಿಕೆ. ಮಧ್ಯಮ ಮತ್ತು ಪ್ರಥಮಪುರುಷಗಳಲ್ಲಿ ಇದು ತಿರುಗುಮುರುಗು: ‘ವಿಲ್’ ಮುನ್ಸೂಚನೆ, ‘ಶಲ್’ ಆಡುವವನ ವಚನ ಅಥವಾ ಆಜ್ಞೆ.

ಮೇಲುನೋಟಕ್ಕೆ ವಿಚಿತ್ರವಾದ ಈ ನಿಯಮದಲ್ಲಿ ಒಂದು ಯುಕ್ತಿಯಿಲ್ಲದೆ ಇಲ್ಲ. ನನ್ನ ಇಚ್ಛೆಯನ್ನು ನಾನು ಬಲ್ಲೆನು. ಆದುದರಿಂದ ಇಚ್ಛಾವಾಚಕವಾದ ‘ವಿಲ್’ ಪದವನ್ನು ನಾನು ನನಗೆ ಹೇಳಿಕೊಂಡರೆ ಅದು ಸಂಕಲ್ಪವಾಗಿಯೇ ಕೇಳಿಸುತ್ತದೆ. ಇನ್ನೊಬ್ಬನ ವಿಷಯದಲ್ಲಿ ಋಣವಾಚಕವಾದ ‘ಶಲ್’ ಪದವನ್ನು ನುಡಿದರೆ, ಅವನ ಮೇಲೆ ನಾನು ಒಂದು ಬಾಧ್ಯತೆಯನ್ನು ಹೊರಿಸಿದಂತಾಗುತ್ತದೆ. ಹೀಗೆ ಮೂಲಾರ್ಥಗಳ ನೆರಳು ನಿಯಮದಲ್ಲಿ ಉಳಿದಿದೆ. ಇದನ್ನು ಕಲಿಸಲು ಹಳೆಯ ಉಪಾಧ್ಯಾಯರು ಒಂದು ಹಾಸ್ಯವನ್ನು ಹೇಳುತ್ತಿದ್ದರು. ನೀರಿಗೆ ಬಿದ್ದ ಪರದೇಶಿಯೊಬ್ಬನು ‘ಐ ವಿಲ್ ಡ್ರೌನ್, ನೋಬಡಿ ಶಲ್ ಸೇವ್ ಮೀ’ ಎಂದು ಕೂಗಿಕೊಂಡನಂತೆ. ‘ಮುಳುಗಿಹೋಗುತ್ತೇನೆ, ಯಾರೂ ಉಳಿಸುವವರಿಲ್ಲ’ ಎಂಬುದು ಅವನ ಅಭಿಪ್ರಾಯ. ದಡದ ಮೇಲಿದ್ದ ನಿಯಮನಿಷ್ಠರಿಗೆ ಕೇಳಿಸಿದುದು, ‘ಮುಳುಗಿಯೇ ತೀರುತ್ತೇನೆ, ಯಾರೂ ಉಳಿಸಕೂಡದು’ ಎಂದು! ಅವರು ಅವನ ಇಷ್ಟವನ್ನು ಗೌರವಿಸಿದರು.

ಆದರೆ ಈ ನಿಯಮವು ಎಂದಾದರೂ ಇಂಗ್ಲಿಷರೆಲ್ಲರ ಬಳಕೆಯಾಗಿತ್ತೇ? ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕಗಳ ಜನ ಇದನ್ನು ಬಹುಮಟ್ಟಿಗೆ ಪಾಲಿಸಲಿಲ್ಲ. ೧೯೦೬ರಲ್ಲಿ ಫೌಲರ್ ಸೋದರರು ಇದಕ್ಕಾಗಿ ಹಲವಾರು ಪುಟಗಳನ್ನು ಮೀಸಲಿಟ್ಟು, ದಕ್ಷಿಣ ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೆ ಇದು ಸಹಜವಾಗಿ ಬರುತ್ತದೆ, ಇತರರಿಗೆ ಕಲಿತರೂ ಬರುವುದು ಕಷ್ಟವೆಂದು ಅಭಿಪ್ರಾಯಪಟ್ಟರು. ಹುಟ್ಟಿನಿಂದಲ್ಲದೆ ಬಾರದ ನಿಯಮವನ್ನು ಪರೀಕ್ಷೆಯಲ್ಲಿ ಕೇಳಿ ಭಾರತದ ಎಷ್ಟು ಮಕ್ಕಳ ಅಂಕಗಳನ್ನು ಕಳೆಯಲಾಯಿತೋ! ೧೯೨೫ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೀಸ್ ಹಲವು ಶತಮಾನಗಳ ಇಂಗ್ಲಿಷ್ ನಾಟಕಗಳ ಸಂಭಾಷಣೆಯನ್ನು ಎಣಿಸಿ ನೋಡಿದರು. ಉತ್ತಮಪುರುಷದಲ್ಲಿಯೂ ‘ವಿಲ್’ ಹೆಚ್ಚಾಗಿ ಬಳಕೆಯಾಗಿದ್ದುದು ಕಂಡುಬಂದು, ನಿಯಮವು ಬಳಕೆಯಿಂದ ಹುಟ್ಟಿದುದಲ್ಲವೆಂಬುದು ಸ್ಪಷ್ಟವಾಯಿತು. ಡೆನ್ಮಾರ್ಕಿನ ಯೆಸ್ಪರ್ಸನ್ ಅವರು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲವೆಂಬ ಪ್ರತ್ಯೇಕ ಕಾಲರೂಪವೇ ಇಲ್ಲವೆಂದರು. ೨೦೦೨ರಲ್ಲಿ ಹಡ್ಲ್‌ಸ್ಟನ್ ಮತ್ತು ಪುಲಮ್ ಅವರ ನೇತೃತ್ವದಲ್ಲಿ ಕೇಂಬ್ರಿಜ್‌ನಿಂದ ಹೊರಬಂದ ಬೃಹದ್ವ್ಯಾಕರಣವೂ ಈ ನಿಲುವನ್ನೇ ಸಮರ್ಥಿಸಿದೆ.

೪

ಇನ್ನು ಇಂದಿನ ಬಳಕೆಯನ್ನು ನೋಡಬಹುದು. ‘ನಾಳೆ ಹೊರಡುತ್ತೇನೆ’ ಎಂಬ ಒಂದೇ ಕನ್ನಡ ವಾಕ್ಯವನ್ನು ತೆಗೆದುಕೊಂಡು ಇಂಗ್ಲಿಷಿನಲ್ಲಿ ಅದು ಎಷ್ಟು ಬಗೆಯಾಗುತ್ತದೆಂದು ಪರೀಕ್ಷಿಸೋಣ.

‘ಐ ವಿಲ್ ಲೀವ್ ಟುಮಾರೋ.’ ಇದು ಆಡುವ ಕ್ಷಣದಲ್ಲಿ ಮೂಡಿದ ನಿರ್ಧಾರ, ಇಲ್ಲವೇ ಕೇಳುವವನಿಗೆ ಕೊಟ್ಟ ಮಾತು. ಬಾಗಿಲು ಬಡಿದ ಸದ್ದಾದಾಗ ‘ನಾನು ತೆಗೆಯುತ್ತೇನೆ’ ಎಂದು ಏಳುವವನು ‘ವಿಲ್’ ಎನ್ನುತ್ತಾನೆ. ಇದೇ ಪದ ಇತರ ಕಡೆ ಊಹೆಗೂ ಸಲ್ಲುತ್ತದೆ. ಸದ್ದನ್ನು ಕೇಳಿ ‘ದಟ್ ವಿಲ್ ಬಿ ದ ಪೋಸ್ಟ್‌ಮನ್’ ಎಂದರೆ ‘ಅಂಚೆಯವನಿರಬೇಕು’ ಎಂದರ್ಥ. ಇದರಲ್ಲಿ ಭವಿಷ್ಯತ್ತಿನ ಸುಳಿವೇ ಇಲ್ಲ. ಎಣ್ಣೆ ನೀರಿನ ಮೇಲೆ ತೇಲುತ್ತದೆ ಎಂಬ ನಿತ್ಯಸತ್ಯವನ್ನು ಹೇಳಲಿಕ್ಕೂ ‘ವಿಲ್’ ಬರುತ್ತದೆ. ಬಾಗಿಲು ಸಿಕ್ಕಿಕೊಂಡಾಗ ‘ದ ಡೋರ್ ವೋಂಟ್ ಓಪನ್’ ಎನ್ನುತ್ತಾರೆ. ಅಂದರೆ ಬಾಗಿಲಿಗೆ ತೆರೆದುಕೊಳ್ಳುವ ಮನಸ್ಸಿಲ್ಲ! ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಬಾಗಿಲು ತೆರೆಯಲೊಲ್ಲದು’, ‘ಮಳೆ ಬರಲೊಲ್ಲದು’ ಎಂಬಲ್ಲಿ ‘ಒಲ್ಲೆ’ ಎಂಬ ಇಚ್ಛಾನಿಷೇಧವು ಅಚೇತನಕ್ಕೂ ಅಂಟಿಕೊಂಡಿದೆ. ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆದಿವೆ.

‘ಐ ಆಮ್ ಗೋಯಿಂಗ್ ಟು ಲೀವ್ ಟುಮಾರೋ.’ ಇಲ್ಲಿ ನಿರ್ಧಾರವು ಈಗಾಗಲೇ ಆಗಿದೆ. ಅದನ್ನು ಈಗ ತಿಳಿಸಲಾಗುತ್ತಿದೆ. ಮೂಲದಲ್ಲಿ ಇದು ಒಂದು ಕಾರ್ಯಕ್ಕಾಗಿ ನಡೆದುಹೋಗುವವನ ಮಾತು. ಹದಿನೈದನೆಯ ಶತಮಾನದ ಬರಹಗಳಲ್ಲಿ ಇದರ ಹೊಸ ಅರ್ಥದ ಮೊಳಕೆಗಳು ಕಾಣಿಸಿ, ಹದಿನೇಳನೆಯ ಶತಮಾನದ ವೇಳೆಗೆ ವೈಯಾಕರಣರ ಗಮನಕ್ಕೂ ಬಂದಿತು. ಈಗ ಗಮನದ ಅರ್ಥ ಅಳಿದು, ಕುಳಿತಲ್ಲಿಯೇ ಇರುವವನೂ ‘ಗೋಯಿಂಗ್ ಟು’ ಎನ್ನಬಹುದು. ವೇಗದ ಮಾತಿನಲ್ಲಿ ಅದು ‘ಗನ’ ಎಂದು ಸವೆದಿದೆ. ‘ನಾನು ಹೇಳಹೊರಟಿರುವ ವಿಷಯ’ ಎಂದು ಬರೆಯುವ ಕನ್ನಡಿಗನೂ ಎಲ್ಲಿಗೂ ಹೊರಟಿರುವುದಿಲ್ಲ. ಈ ರೂಪದ ಇನ್ನೊಂದು ಉಪಯೋಗವೆಂದರೆ ಕಣ್ಣೆದುರಿನ ಕುರುಹಿನ ಮೇಲೆ ಹೇಳುವ ಮುನ್ಸೂಚನೆ. ಕಾರ್ಮೋಡ ಕವಿದುದನ್ನು ಕಂಡು ‘ಇಟ್ ಈಸ್ ಗೋಯಿಂಗ್ ಟು ರೇನ್’ ಎನ್ನುತ್ತಾರೆ. ಮುಂದಿನ ವಾರದ ಮಳೆಯನ್ನು ಹವಾಮಾನ ಇಲಾಖೆ ಪ್ರಕಟಿಸುವಾಗ ‘ವಿಲ್’ ಸಾಕು.

‘ಐ ಆಮ್ ಲೀವಿಂಗ್ ಟುಮಾರೋ.’ ಇದು ಏರ್ಪಾಟಿನ ಮಾತು. ಟಿಕೆಟ್ ಕೊಂಡಾಗಿದೆ, ನೆಂಟರಿಗೆ ತಿಳಿಸಿಯಾಗಿದೆ. ಈ ಅರ್ಥವನ್ನು ಒರೆಗೆ ಹಚ್ಚಲು ಒಂದು ಸುಲಭ ಪರೀಕ್ಷೆಯುಂಟು. ‘ನಾಳೆ ಮಳೆ ಬರುತ್ತದೆ’ ಎಂಬುದನ್ನು ‘ಇಟ್ ಈಸ್ ರೇನಿಂಗ್ ಟುಮಾರೋ’ ಎಂದು ಇಂಗ್ಲಿಷರು ಹೇಳರು. ಮಳೆ ಯಾರೊಡನೆಯೂ ಏರ್ಪಾಟು ಮಾಡಿಕೊಳ್ಳುವುದಿಲ್ಲ.

‘ಐ ಲೀವ್ ಟುಮಾರೋ.’ ಇದು ವೇಳಾಪಟ್ಟಿಯ ಅಥವಾ ಪಂಚಾಂಗದ ಮಾತು. ರೈಲು ಆರು ಗಂಟೆಗೆ ಹೊರಡುತ್ತದೆ, ಸೂರ್ಯನು ನಾಳೆ ಇಷ್ಟು ಹೊತ್ತಿಗೆ ಉದಯಿಸುತ್ತಾನೆ, ರಜೆಯು ಸೋಮವಾರ ಮುಗಿಯುತ್ತದೆ ಎಂಬಲ್ಲಿ ಸರಳ ವರ್ತಮಾನವೇ ಯುಕ್ತ. ಆಡುವವನ ಇಚ್ಛೆಗೆ ಇಲ್ಲಿ ಎಡೆಯಿಲ್ಲ. ಮುಂದಿನದು ಈಗಲೇ ನಿಶ್ಚಿತವೆಂದು ಎಣಿಸಿದುದರಿಂದ ವರ್ತಮಾನವೆಂದೇ ನುಡಿಯುತ್ತಾರೆ.

‘ಐ ವಿಲ್ ಬಿ ಲೀವಿಂಗ್ ಟುಮಾರೋ.’ ಇದರಲ್ಲಿ ನಿರ್ಧಾರವನ್ನು ಒತ್ತಿ ಹೇಳುವುದಿಲ್ಲ. ಸಂಗತಿಗಳು ನಡೆಯುವ ಕ್ರಮದಲ್ಲಿ ಇದೂ ನಡೆದುಹೋಗುತ್ತದೆ ಎಂಬ ಧ್ವನಿಯುಂಟು. ಆದುದರಿಂದಲೇ ಇದು ವಿನಯದ ಪ್ರಶ್ನೆಗೆ ಒದಗುತ್ತದೆ. ‘ವಿಲ್ ಯು ಕಮ್?’ ಎಂದರೆ ‘ಬರುವೆಯಾ?’ ಎಂದು ಕರೆದಂತೆಯೂ ಬೇಡಿದಂತೆಯೂ ಆದೀತು. ‘ವಿಲ್ ಯು ಬಿ ಕಮಿಂಗ್?’ ಎಂದರೆ ‘ತಾವು ಬರುವುದುಂಟೇ?’ ಎಂದು ವಿಚಾರಿಸಿದಂತೆ. ಉತ್ತರಿಸುವವನ ಮೇಲೆ ಒತ್ತಾಯವಿಲ್ಲ.

‘ಐ ಆಮ್ ಟು ಲೀವ್ ಟುಮಾರೋ’ ಎಂದರೆ ಹೊರಡಬೇಕೆಂದು ಮೇಲಿನವರಿಂದ ಗೊತ್ತಾಗಿದೆ. ಪತ್ರಿಕೆಗಳ ‘ಮಂತ್ರಿಗಳು ನಾಳೆ ಆಗಮಿಸಲಿದ್ದಾರೆ’ ಎಂಬುದಕ್ಕೆ ಇದು ಹತ್ತಿರ. ‘ಐ ಆಮ್ ಅಬೌಟ್ ಟು ಲೀವ್’ ಎಂದರೆ ಕಾಲು ಹೊಸ್ತಿಲ ಮೇಲಿದೆ. ಇದಕ್ಕೆ ‘ಟುಮಾರೋ’ ಸೇರುವುದೇ ಇಲ್ಲ. ನಾಳೆ ಇಷ್ಟು ಹೊತ್ತಿಗೆ ಹೊರಟಾಗಿರುತ್ತದೆ ಎಂದು ಮುಂದೆ ನಿಂತು ಹಿಂದೆ ನೋಡುವ ಮಾತಿಗೆ ‘ಐ ವಿಲ್ ಹ್ಯಾವ್ ಲೆಫ್ಟ್’ ಎಂಬ ರೂಪವುಂಟು.

ಏಳೆಂಟು ರೂಪಗಳಾದವು. ಇವುಗಳಲ್ಲಿ ಯಾವುದನ್ನು ಭವಿಷ್ಯತ್ಕಾಲವೆಂದು ಕರೆದು ಉಳಿದವನ್ನು ಹೊರಗಿಡುವುದು?

೫

ಅಧೀನವಾಕ್ಯಗಳಲ್ಲಿ ಈ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ನಾಳೆ ಮಳೆ ಬಂದರೆ ಹೊರಡುವುದಿಲ್ಲ’ ಎಂಬಲ್ಲಿ ಮಳೆಯೂ ನಾಳಿನದೇ. ಆದರೂ ಇಂಗ್ಲಿಷಿನಲ್ಲಿ ‘ಇಫ್ ಇಟ್ ರೇನ್ಸ್’ ಎಂದು ವರ್ತಮಾನರೂಪವೇ ಬರುತ್ತದೆ. ‘ವಿಲ್’ ಕಾಲದ ಗುರುತಾಗಿದ್ದರೆ ಇಲ್ಲಿ ಅದನ್ನು ಕೈಬಿಡಲು ಕಾರಣವಿರುತ್ತಿರಲಿಲ್ಲ. ಷರತ್ತಿನಲ್ಲಿ ಆಡುವವನು ಮಳೆಯ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ, ಯಾವ ಊಹೆಗೂ ಹೊಣೆಯಾಗುವುದಿಲ್ಲ. ಹೊಣೆಯ ಗುರುತಾದ ‘ವಿಲ್’ ಆದುದರಿಂದ ಜಾರಿಹೋಗುತ್ತದೆ. ‘ಇಫ್ ಯು ವಿಲ್ ಸೈನ್ ಹಿಯರ್’ ಎಂದು ಗುಮಾಸ್ತನು ಹೇಳಿದರೆ ಅದು ‘ತಾವು ಮನಸ್ಸು ಮಾಡಿ ಇಲ್ಲಿ ರುಜು ಹಾಕುವುದಾದರೆ’ ಎಂಬ ಉಪಚಾರ. ಅಲ್ಲಿ ‘ವಿಲ್’ ತನ್ನ ಹಳೆಯ ಇಚ್ಛಾರ್ಥಕ್ಕೆ ಮರಳಿದೆ.

ಕನ್ನಡವೂ ಇಲ್ಲಿ ಕುತೂಹಲಕರವಾಗಿದೆ. ‘ಮಳೆ ಬಂದರೆ’ ಎಂಬಲ್ಲಿ ನಾವು ಇಟ್ಟಿರುವುದು ಭೂತದ ಪ್ರಕೃತಿ. ಕರೆದಾಗ ಒಳಗಿನಿಂದ ‘ಇಗೋ, ಬಂದೆ’ ಎನ್ನುವವನು ಇನ್ನೂ ಬಂದಿರುವುದಿಲ್ಲ. ವರ್ತಮಾನಕ್ಕೆ ಹತ್ತಿರವಾದ ಭೂತಭವಿಷ್ಯತ್ತುಗಳಲ್ಲಿ ವರ್ತಮಾನದ ಪ್ರತ್ಯಯ ವಿಕಲ್ಪವಾಗಿ ಬರಬಹುದೆಂದೂ, ಆಶಂಸೆಯಿರುವಲ್ಲಿ ಮುಂದಿನದಕ್ಕೆ ಭೂತದ ಪ್ರತ್ಯಯವೂ ಬರಬಹುದೆಂದೂ ಪಾಣಿನಿ ಮೂರನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಲೋಕದ ಕಾಲವೂ ಪದದ ರೂಪವೂ ಒಂದಕ್ಕೊಂದು ಸರಿಯಾಗಿ ಅಂಟಿಕೊಂಡಿಲ್ಲವೆಂಬುದನ್ನು ನಮ್ಮ ವೈಯಾಕರಣರು ಕಡೆಗಣಿಸಿರಲಿಲ್ಲ.

ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ ಬಳಕೆಯಾಗುವ ‘ವುಡ್’ ಕುರಿತು ಇಲ್ಲಿ ಒಂದು ಮಾತು ಅವಶ್ಯ. ‘ಸಭೆಯು ಸೋಮವಾರ ನಡೆಯುವುದು’ ಎಂಬುದನ್ನು ‘ದ ಮೀಟಿಂಗ್ ವುಡ್ ಬಿ ಹೆಲ್ಡ್ ಆನ್ ಮಂಡೇ’ ಎಂದು ಸುತ್ತೋಲೆಗಳಲ್ಲಿ ಬರೆಯುವುದುಂಟು. ‘ವುಡ್’ ಹೆಚ್ಚು ವಿನಯದ ರೂಪವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಇಂಗ್ಲಿಷರ ಕಿವಿಗೆ ಅದು ‘ನಡೆಯುತ್ತಿತ್ತು, ಆದರೆ...’ ಎಂದು ಒಂದು ಷರತ್ತನ್ನು ಬಾಕಿ ಇಟ್ಟಂತೆ ಕೇಳಿಸುತ್ತದೆ. ಸಭೆ ನಡೆಯುವುದೋ ಇಲ್ಲವೋ ಎಂಬ ಅನುಮಾನಕ್ಕೆ ವಿನಯವೇ ದಾರಿಯಾಗುತ್ತದೆ.

೬

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ಎಲ್ಲ ಭಾಷೆಗಳ ಭವಿಷ್ಯದ್ರೂಪಗಳೂ ಹೀಗೆಯೇ ಯಾವುದೋ ಸಹಾಯಕ ಪದದಿಂದ ಬಂದವಲ್ಲವೇ? ಫ್ರೆಂಚ್ ಭಾಷೆಯ ಭವಿಷ್ಯತ್ ಪ್ರತ್ಯಯವು ಲ್ಯಾಟಿನ್ನಿನ ‘ಹೊಂದಿರು’ ಎಂಬ ಕ್ರಿಯೆಯ ಅವಶೇಷ. ಹಿಂದಿಯ ‘ಜಾಊಂಗಾ’ ಎಂಬುದರ ಕೊನೆಯ ‘ಗಾ’ ಸಂಸ್ಕೃತದ ‘ಗತ’ ಶಬ್ದದಿಂದ ಬಂದುದೆನ್ನುತ್ತಾರೆ. ಜರ್ಮನ್ನರು ‘ಆಗು’ ಎಂಬರ್ಥದ ಧಾತುವನ್ನು ಬಳಸುತ್ತಾರೆ. ಇವನ್ನು ಭವಿಷ್ಯತ್ಕಾಲವೆಂದು ಒಪ್ಪಿ ಇಂಗ್ಲಿಷಿನ ‘ವಿಲ್’ ಮಾತ್ರ ಅಲ್ಲವೆನ್ನುವುದು ನ್ಯಾಯವೇ?

ಆಕ್ಷೇಪಣೆ ಬಲವಾದುದೇ. ಹುಟ್ಟಿನಿಂದ ತೀರ್ಮಾನ ಮಾಡಲಾಗದು. ಇಂದಿನ ನಡೆಯಿಂದಲೇ ತೀರ್ಮಾನಿಸಬೇಕು. ಫ್ರೆಂಚಿನಲ್ಲಿ ಪ್ರತ್ಯಯವು ಧಾತುವಿನೊಡನೆ ಬೆಸೆದು ಒಂದಾಗಿದೆ. ‘ವಿಲ್’ ಇನ್ನೂ ಬೇರೆಯಾಗಿ ನಿಂತು, ‘ಮೇ’, ‘ಕ್ಯಾನ್’, ‘ಮಸ್ಟ್’ಗಳ ಸಾಲಿನಲ್ಲಿ ಅವುಗಳಂತೆಯೇ ವರ್ತಿಸುತ್ತದೆ, ಅವುಗಳ ಜೊತೆಗೆ ಒಂದೇ ವಾಕ್ಯದಲ್ಲಿ ಸೇರಲಾರದು, ಭವಿಷ್ಯತ್ತಲ್ಲದ ಅರ್ಥಗಳಲ್ಲಿಯೂ ಧಾರಾಳವಾಗಿ ಬರುತ್ತದೆ, ಭವಿಷ್ಯತ್ತಿನ ಎಷ್ಟೋ ಅರ್ಥಗಳಲ್ಲಿ ಬರುವುದೇ ಇಲ್ಲ. ಮುಂದಿನ ಶತಮಾನಗಳಲ್ಲಿ ಅದು ಶುದ್ಧ ಕಾಲವಾಚಕವಾಗಬಹುದು. ಇಂದು ಆಗಿಲ್ಲ.

ಹೊರನಾಡಿನ ಕನ್ನಡಿಗರಿಗೆ ಈ ತುಲನೆ ಸುಲಭಸಾಧ್ಯವಾದುದು. ಚೆನ್ನೈಯಲ್ಲಿರುವವರು ತಮಿಳಿನ ‘ಪೋಗಿರೇನ್’, ‘ಪೋವೇನ್’ ಎಂಬ ಭೇದವನ್ನು ದಿನವೂ ಕೇಳುತ್ತಾರೆ. ಅಲ್ಲಿ ಭವಿಷ್ಯತ್ತಿಗೆ ಪ್ರತ್ಯೇಕ ರೂಪವುಂಟು, ಆದರೆ ಅದೇ ರೂಪ ವಾಡಿಕೆಯನ್ನೂ ಸೂಚಿಸುತ್ತದೆ. ಹೈದರಾಬಾದಿನ ತೆಲುಗಿನಲ್ಲಿ ‘ವೆಳತಾನು’ ಎಂಬುದು ನಮ್ಮ ‘ಹೋಗುತ್ತೇನೆ’ಯಂತೆ ವಾಡಿಕೆಗೂ ನಾಳೆಗೂ ಸಲ್ಲುತ್ತದೆ. ಪುಣೆ ಮುಂಬಯಿಗಳವರು ಮರಾಠಿಯ ‘ಜಾಈನ್’, ‘ಜಾಣಾರ್ ಆಹೇ’ ಎಂಬ ಎರಡನ್ನೂ ಬಲ್ಲರು. ಎರಡನೆಯದಕ್ಕೆ ಧಾರವಾಡದ ಕಡೆಯ ‘ಹೋಗಾಂವ ಅದೀನಿ’ ಎಂಬುದು ನೇರವಾದ ಜೋಡಿ. ಅದರಲ್ಲಿ ಸಂಕಲ್ಪವಿದೆ, ಸಿದ್ಧತೆಯಿದೆ. ಬರಿಯ ‘ಹೋಗತೀನಿ’ಯಲ್ಲಿ ಅಷ್ಟಿಲ್ಲ.

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂದು ಮೂರು ವಿಕರಣಗಳನ್ನು ಹೇಳಿದನು. ಹೊಸಗನ್ನಡದಲ್ಲಿ ‘ದಪ’ ಅಳಿಯಿತು, ‘ವ’ ಗ್ರಂಥಸ್ಥವಾಯಿತು, ‘ಉತ್ತ’ ಎರಡರ ಕೆಲಸವನ್ನೂ ವಹಿಸಿಕೊಂಡಿತು. ಶಾಲೆಯ ಪುಸ್ತಕಗಳು ಮಾತ್ರ ಮೂರರ ಪಟ್ಟಿಯನ್ನು ಬಿಡಲಿಲ್ಲ. ಕನ್ನಡದಲ್ಲಿರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಕಾಲಗಳೆಂದು ಡಿ. ಎನ್. ಶಂಕರ ಭಟ್ಟರು ಸಮರ್ಥವಾಗಿ ವಾದಿಸಿದ್ದಾರೆ. ಸಾವಿರ ವರ್ಷಗಳ ಹಿಂದಿನ ಏಲ್ಫ್ರಿಕನ ಇಂಗ್ಲಿಷೂ ಇಂದಿನ ನಮ್ಮ ಕನ್ನಡವೂ ಈ ಒಂದು ವಿಷಯದಲ್ಲಿ ಸಮಾನವಾಗಿವೆ. ಇದರ ಮೇಲೆ ‘ಬಂದಾನು’, ‘ಆದೀತು’ ಎಂಬ ಸಂಭಾವನೆಯ ರೂಪಗಳು ಕನ್ನಡಕ್ಕಿರುವ ಹೆಚ್ಚಿನ ಸಂಪತ್ತು. ‘ಹಿ ಮೇ ಕಮ್’ ಎಂಬುದನ್ನು ‘ಅವನು ಬರಬಹುದು’ ಎಂದೇ ಯಾವಾಗಲೂ ಅನುವಾದಿಸಬೇಕಾಗಿಲ್ಲ. ‘ಬಂದಾನು’ ಎಂದರೆ ಊಹೆ, ‘ಬರಬಹುದು’ ಎಂದರೆ ಊಹೆಯೂ ಆದೀತು, ಅನುಮತಿಯೂ ಆದೀತು.

೭

ಈ ಕಡೆಯ ಭೇದವು ಎಷ್ಟು ಗುರುತರವಾದುದೆಂಬುದನ್ನು ಶಾಸನಗಳ ಭಾಷೆ ತೋರಿಸುತ್ತದೆ. ಆಡುಮಾತಿನಿಂದ ಬಹುಮಟ್ಟಿಗೆ ಹೊರಬಿದ್ದ ‘ಶಲ್’ ಶಾಸನದಲ್ಲಿ ಸಿಂಹಾಸನವೇರಿ ಕುಳಿತಿದೆ. ನಮ್ಮ ಸಂವಿಧಾನದ ಮೊದಲನೆಯ ಅನುಚ್ಛೇದದಲ್ಲಿ ಭಾರತವು ರಾಜ್ಯಗಳ ಒಕ್ಕೂಟವೆಂದು ಹೇಳುವಲ್ಲಿ ಬಂದಿರುವುದು ‘ಶಲ್ ಬಿ’. ಇದು ಭವಿಷ್ಯವಾಣಿಯಲ್ಲ; ಯಾರ ಮೇಲೂ ಹೊರಿಸಿದ ಕರ್ತವ್ಯವೂ ಅಲ್ಲ. ನುಡಿದ ಮಾತ್ರಕ್ಕೆ ಸತ್ಯವಾಗುವ ಘೋಷಣೆ. ಬೇರೆ ಅನುಚ್ಛೇದಗಳಲ್ಲಿ ಅದೇ ಪದ ಆಜ್ಞೆಯಾಗುತ್ತದೆ. ಹೀಗೆ ಒಂದೇ ಪದಕ್ಕೆ ಹಲವು ಅರ್ಥಗಳು ಸೇರಿಕೊಂಡು ವ್ಯಾಜ್ಯಗಳಿಗೆ ಎಡೆಯಾಗುವುದರಿಂದ, ೨೦೦೭ರಲ್ಲಿ ಅಮೆರಿಕದ ಕೇಂದ್ರ ನ್ಯಾಯಾಲಯಗಳ ಸಿವಿಲ್ ವಿಚಾರಣೆಯ ನಿಯಮಗಳನ್ನು ಹೊಸದಾಗಿ ಬರೆದಾಗ ‘ಶಲ್’ ಪದವನ್ನು ತೆಗೆದು ‘ಮಸ್ಟ್’ ಮೊದಲಾದ ಪದಗಳನ್ನು ಇಟ್ಟರು.

ಭಾರತದ ನಿದರ್ಶನ ಇದಕ್ಕಿಂತ ತೀಕ್ಷ್ಣವಾದುದು. ಸಂವಿಧಾನದ ೩೪೩ನೆಯ ಅನುಚ್ಛೇದವು ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆಯೆಂದು ವಿಧಿಸಿ, ಹದಿನೈದು ವರ್ಷಗಳವರೆಗೆ ಇಂಗ್ಲಿಷ್ ಮುಂದುವರಿಯತಕ್ಕದ್ದೆಂದು ಹೇಳಿತ್ತು. ಆ ಅವಧಿ ೧೯೬೫ರ ಜನವರಿ ೨೬ಕ್ಕೆ ತೀರುವುದಿತ್ತು. ಆ ಬಳಿಕವೂ ಇಂಗ್ಲಿಷಿಗೆ ಅವಕಾಶವಿರಲೆಂದು ೧೯೬೩ರಲ್ಲಿ ಆಡಳಿತ ಭಾಷೆಗಳ ಅಧಿನಿಯಮ ಬಂದಿತು. ಹಿಂದಿಯ ಜೊತೆಗೆ ಇಂಗ್ಲಿಷ್ ಬಳಕೆಯಲ್ಲಿ ಮುಂದುವರಿಯುವ ಮಾತಿಗೆ ಅದರಲ್ಲಿ ಆರಿಸಿದ ಪದ ‘ಮೇ’. ಹಿಂದಿಯೇತರ ಪ್ರಾಂತಗಳ ಪ್ರತಿನಿಧಿಗಳು ಈ ಪದವನ್ನು ಹಿಡಿದು ನಿಂತರು. ಮುಂದುವರಿಯಬಹುದು ಎಂದರೆ ಮುಂದುವರಿಯದೆಯೂ ಇರಬಹುದಲ್ಲವೇ? ‘ಶಲ್’ ಎಂದೇಕೆ ಬರೆಯಬಾರದು? ತಮ್ಮ ಅಭಿಪ್ರಾಯದಲ್ಲಿ ಇಲ್ಲಿಯ ‘ಮೇ’ಗೆ ‘ಶಲ್’ ಎಂದೇ ಅರ್ಥವೆಂದು ಪ್ರಧಾನಿ ನೆಹರೂ ವಿವರಿಸಿದರು. ಆದರೆ ವ್ಯಕ್ತಿಯ ವಿವರಣೆ ಬೇರೆ, ಶಾಸನದ ಅಕ್ಷರ ಬೇರೆ. ೧೯೬೪ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. ವಿವರಣೆಗೆ ಹೊಣೆಯಾಗಿದ್ದವರು ಉಳಿಯಲಿಲ್ಲ, ಅಕ್ಷರ ಉಳಿಯಿತು. ೧೯೬೫ರ ಆರಂಭದಲ್ಲಿ ಮದರಾಸು ರಾಜ್ಯದಲ್ಲಿ ಭುಗಿಲೆದ್ದ ಚಳುವಳಿಗೆ ಕಾರಣಗಳು ಹಲವು. ಬರೆದ ಮಾತಿಗೂ ಆಡಿದ ಭರವಸೆಗೂ ನಡುವೆ ಉಳಿದ ಈ ಬಿರುಕಿನಿಂದ ಹುಟ್ಟಿದ ಅಪನಂಬಿಕೆ ಅವುಗಳಲ್ಲಿ ಒಂದು. ಹಲವರು ಪ್ರಾಣ ತೆತ್ತರು.

೧೯೬೭ರ ತಿದ್ದುಪಡಿಯಲ್ಲಿ ಮುಖ್ಯ ವಾಕ್ಯದ ‘ಮೇ’ ಹಾಗೆಯೇ ಉಳಿದರೂ, ಹಿಂದಿಯನ್ನು ಆಡಳಿತ ಭಾಷೆಯಾಗಿ ಸ್ವೀಕರಿಸದ ರಾಜ್ಯಗಳೊಡನೆ ಒಕ್ಕೂಟವು ನಡೆಸುವ ಪತ್ರವ್ಯವಹಾರದಲ್ಲಿ ಇಂಗ್ಲಿಷ್ ಬಳಕೆಯನ್ನು ‘ಶಲ್’ ಎಂದು ವಿಧಿಸಲಾಯಿತು. ಅಂಥ ಎಲ್ಲ ರಾಜ್ಯಗಳ ಶಾಸನಸಭೆಗಳು ಬೇಡವೆಂದು ನಿರ್ಣಯಿಸುವ ತನಕ ಅದು ಜಾರಿಯಲ್ಲಿರತಕ್ಕದ್ದೆಂದೂ ಸೇರಿಸಲಾಯಿತು. ೧೯೬೩ರಲ್ಲಿಯೇ ಕನ್ನಡವನ್ನು ಆಡಳಿತ ಭಾಷೆಯೆಂದು ಶಾಸನ ಮಾಡಿಕೊಂಡಿದ್ದ ನಮ್ಮ ರಾಜ್ಯವೂ ಈ ರಕ್ಷಣೆಯ ಒಳಗೆ ಬರುತ್ತದೆ. ‘ಶಲ್’ ಪದದ ಹಳೆಯ ಋಣಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ದಕ್ಷಿಣದ ರಾಜ್ಯಗಳು ಕೇಳಿದುದು ಭವಿಷ್ಯವನ್ನಲ್ಲ. ಪತ್ರದ ಮೇಲೆ ಬರೆದ ಋಣವನ್ನು.

ಕನ್ನಡದ ಶಾಸನಭಾಷೆ ‘ಶಲ್’ ಎಂಬುದಕ್ಕೆ ‘ತಕ್ಕದ್ದು’ ಎಂದೂ ‘ಮೇ’ ಎಂಬುದಕ್ಕೆ ‘ಬಹುದು’ ಎಂದೂ ರೂಢಿಗೊಳಿಸಿಕೊಂಡಿದೆ. ಈ ಆಯ್ಕೆ ಬಹಳ ವಿವೇಕದ್ದು. ‘ತಗು’ ಧಾತುವಿನಿಂದ ಬಂದ ‘ತಕ್ಕದ್ದು’ ಯೋಗ್ಯವಾದುದನ್ನು, ಸಲ್ಲಬೇಕಾದುದನ್ನು ಹೇಳುತ್ತದೆ. ಕಾಲದ ಗೊಡವೆ ಅದಕ್ಕಿಲ್ಲ. ‘ಬಹುದು’ ಎಂಬುದು ‘ಬರು’ ಧಾತುವಿನ ಹಳೆಯ ಭವಿಷ್ಯದ್ರೂಪ. ‘ಬರುವುದು’ ಎಂಬುದೇ ‘ಸಾಧ್ಯ’ ಎಂದಾಗಿದೆ. ‘ಶಲ್’ ಪದವನ್ನು ಶಾಲೆಯ ಪಟ್ಟಿಯಂತೆ ಭವಿಷ್ಯತ್ಕಾಲವೆಂದು ತಿಳಿದು ‘ಮಾಡುವನು’ ಎಂದು ಅನುವಾದಿಸಿದ್ದರೆ ಆಜ್ಞೆಗಳೆಲ್ಲ ಜೋಯಿಸರ ಮಾತುಗಳಾಗುತ್ತಿದ್ದವು.

೮

ಈ ವಿಚಾರದಿಂದ ಹೊರಡುವ ಫಲಿತಾಂಶಗಳನ್ನು ಸಂಗ್ರಹಿಸಿ ಲೇಖನವನ್ನು ಮುಗಿಸಬಹುದು. ಇಂಗ್ಲಿಷ್ ಕಲಿಸುವವರು ಮೂರು ಕಾಲಗಳ ಪಟ್ಟಿಯಿಂದ ಆರಂಭಿಸುವುದಕ್ಕಿಂತ, ಎರಡು ಕಾಲರೂಪಗಳನ್ನು ಮೊದಲು ಕಲಿಸಿ, ಭವಿಷ್ಯತ್ತಿನ ಬಗೆಗಳನ್ನು ಇಚ್ಛೆ, ಕುರುಹು, ಏರ್ಪಾಟು, ವೇಳಾಪಟ್ಟಿ, ಆಜ್ಞೆ ಎಂಬ ಆಧಾರಗಳ ಮೇಲೆ ವಿಂಗಡಿಸಿ ಹೇಳುವುದು ಉತ್ತಮ. ಅನುವಾದಕರು ‘ವಿಲ್’ ಕಂಡಲ್ಲೆಲ್ಲ ‘ವನು’, ‘ವಳು’, ‘ವುದು’ ಎಂದು ಹಚ್ಚದೆ, ಆ ವಾಕ್ಯದಲ್ಲಿ ಮುಂದಿನದಕ್ಕೆ ಹೊಣೆಗಾರರು ಯಾರು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಕರಾರುಗಳಿಗೆ ರುಜು ಹಾಕುವವರೂ ಸರ್ಕಾರದ ಪ್ರಕಟಣೆಗಳನ್ನು ಓದುವವರೂ ಇದೇ ಪ್ರಶ್ನೆಯನ್ನು ಕೇಳಿದರೆ ನಷ್ಟವಿಲ್ಲ. ದುರಸ್ತಿ ಮಾಡಿಕೊಡಲಾಗುವುದು ಎಂಬ ಭರವಸೆಗೂ, ಇಂಥವನು ಇಂಥ ದಿನದೊಳಗೆ ಮಾಡಿಕೊಡತಕ್ಕದ್ದು ಎಂಬ ವಿಧಿಗೂ ಇರುವ ಅಂತರವನ್ನು ಬಾಡಿಗೆಯ ಮನೆಗಳಲ್ಲಿ ಬಾಳಿದ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ, ಹೊರನಾಡಿನಲ್ಲಿ ಕನ್ನಡ ಮಕ್ಕಳಿಗೆ ಭಾಷೆ ಕಲಿಸುವವರು ಗಮನಿಸಬೇಕಾದ ಒಂದು ವಿಷಯ. ಇಂಗ್ಲಿಷಿನ ಪಟ್ಟಿಯನ್ನು ಕನ್ನಡದ ಮೇಲೆ ಹೇರಿದುದರಿಂದ, ಮಕ್ಕಳು ‘ಹೋಗುವೆನು’ ಎಂಬುದನ್ನು ಸರಿಯಾದ ಭವಿಷ್ಯತ್ತೆಂದೂ, ಮನೆಯಲ್ಲಿ ಕೇಳುವ ‘ಹೋಗುತ್ತೇನೆ’, ‘ಹೋಗಾಂವ ಅದೀನಿ’ಗಳನ್ನು ಅಶುದ್ಧವೆಂದೂ ಭಾವಿಸುವ ಅಪಾಯವುಂಟು. ‘ಬಂದಾನು’ ಎಂಬ ಸೊಗಸಾದ ರೂಪವಂತೂ ಅವರ ಬಾಯಲ್ಲಿ ಅಪೂರ್ವವಾಗುತ್ತಿದೆ. ಇಂಗ್ಲಿಷಿನವರು ಲ್ಯಾಟಿನ್ನಿನ ಪಟ್ಟಿಯಿಂದ ಬಿಡಿಸಿಕೊಳ್ಳಲು ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಮನೆಯಲ್ಲಿ ಅಜ್ಜಿಯಾಡುವ ಕನ್ನಡವನ್ನೇ ಪಾಠದ ಮೊದಲ ಉದಾಹರಣೆಯಾಗಿ ಇಟ್ಟುಕೊಂಡರೆ ನಮಗೆ ಅಷ್ಟು ಕಾಲ ಬೇಕಾಗದು.